ಗುನುಗಿ ಮುಳುಗಿದವರು

ಆಗಸ್ಟ್ ೬

ಅಪ್ಪಾ,

ಮೊದಲು ಕೂತುಕೋ. ಈಜುಕೊಳದ ಕಟ್ಟೆಯ ಮೇಲೆ ಬೇಡ, ಕುರ್ಚಿಯ ಮೇಲೆ. ನಿನ್ನ ಮೂರನೇ ಫೋನೂ ನೀರಿಗೆ ಬಿದ್ದಮೇಲೆ ನಾವಿಬ್ಬರೂ ಕಾಗದ ಬರೆಯಲು ಶುರುಮಾಡಿದ್ದು ಒಳ್ಳೆಯದೇ ಆಯಿತು. ಈಗ ಹೇಳುವುದನ್ನು ಫೋನಿನಲ್ಲಿ ಹೇಳಿದ್ದರೆ ನಾಲ್ಕನೆಯದನ್ನು ನೀನೇ ಕೊಳಕ್ಕೆ ಎಸೆಯುತ್ತಿದ್ದೆ.

ಎರಡನೇ ವರ್ಷದ ಪ್ರಾಜೆಕ್ಟಿಗೆ ‘ಹೊಸದಾಗಿ ಈಜು ಕಲಿಯುವವರ ನೀರಿನ ಭಯ’ ಎಂಬ ವಿಷಯ ತೆಗೆದುಕೊಂಡಿದ್ದೇನೆ. ಫಿಸಿಯೋಥೆರಪಿ ಓದುವವರು ಇದನ್ನೆಲ್ಲ ಓದುತ್ತಾರಾ ಎಂದು ಅಮ್ಮ ಕೇಳಿದರೆ, ಓದುತ್ತಾರೆ ಎಂದು ಹೇಳು. ಅದಕ್ಕೆ ಆಧಾರವಾಗಿ ಎಂಟು ಲೇಖನಗಳ ಪಟ್ಟಿ ಕೊಡಬೇಕು. ನಾನು ಹಿಂದೆಮುಂದೆ ನೋಡದೆ ಮೊದಲ ಸಾಲಿನಲ್ಲಿ ನಿನ್ನದನ್ನೇ ಬರೆದೆ. ನೀರಿಗೆ ಹೆದರುವವರು ಹಾಡು ಗುನುಗಿಕೊಂಡರೆ ಮೈ ಸಡಿಲವಾಗಿ ತೇಲುತ್ತಾರೆ ಎನ್ನುವ ನಿನ್ನ ಲೇಖನ, ‘ಗುನುಗಿದರೆ ತೇಲಬಹುದು’, ನಿಮ್ಮ ಕೊಳದ ತ್ರೈಮಾಸಿಕ ಪತ್ರಿಕೆ, ಪುಟ ಮೂರು. ಮೇಡಂ ಅದರ ಸುತ್ತ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು ನನ್ನನ್ನು ಕರೆದರು.

“ಇದನ್ನ ಬರೆದವರು ಯಾರು?”

“ಒಬ್ರು ಈಜು ಮೇಷ್ಟ್ರು ಮೇಡಂ.”

“ಅಚ್ಚು ಹಾಕೋಕೆ ಮುಂಚೆ ಇದನ್ನ ಓದಿ, ಪ್ರಶ್ನೆ ಕೇಳಿ, ಒಪ್ಪಿದವರು ಯಾರು?”

ಕೇಳಿ ಹೇಳ್ತೀನಿ ಎಂದೆ. ಯಾರಪ್ಪಾ ಒಪ್ಪಿದ್ದು? ಮೇಷ್ಟ್ರು ನನ್ನ ಅಪ್ಪ ಎಂದು ಮಾತ್ರ ಹೇಳಲಿಲ್ಲ.

ಅವರಿಗೆ ಬೇಕಾದದ್ದು ಪೀರ್ ರಿವ್ಯೂ ಆದ ಲೇಖನಗಳು. ಅಂದರೆ, ಆ ವಿಷಯ ಬಲ್ಲ ಬೇರೆಯವರು ಮೊದಲೇ ಓದಿ, ತಪ್ಪು ಹುಡುಕಿ, ತಿದ್ದಿಸಿ, ಆಮೇಲೆ ಅಚ್ಚಾದವು. ಎಂಟೂ ಅಂಥವೇ ಇರಬೇಕು. ಮಾರ್ಚ್ ಒಳಗೆ ಕೊಡದಿದ್ದರೆ ಮೂರನೇ ವರ್ಷಕ್ಕೆ ಹೋಗುವ ಹಾಗಿಲ್ಲ. ಇನ್ನೊಂದು ವರ್ಷ ಇದೇ ಹಾಸ್ಟೆಲಿನ ಇದೇ ಮಂಚದಲ್ಲಿ ಮಲಗಬೇಕು, ಅದರ ಒಂದು ಕಾಲು ಕುಂಟು.

ಕೋಪ ಮಾಡಿಕೊಳ್ಳಬೇಡ.

ನಿನ್ನ ಕಲ್ಲು

(ಊರಿಗೆಲ್ಲ ಈಜು ಕಲಿಸುವವನ ಮಗಳು ಕಲ್ಲಿನ ಹಾಗೆ ಮುಳುಗಿದಳು ಎಂದು ಅಜ್ಜಿ ಇಟ್ಟ ಹೆಸರು ಇಲ್ಲಿಗೂ ಬಂದುಬಿಟ್ಟಿದೆ. ಅಮ್ಮನ ಕಾಗದದ ಲಕೋಟೆಯ ಮೇಲೆ ಅದನ್ನೇ ಬರೆದಿದ್ದಳು. ರೂಮಿನವರೆಲ್ಲ ಹಾಗೇ ಕರೆಯುತ್ತಾರೆ.)

*

ಆಗಸ್ಟ್ ೧೯

ಕಲ್ಲು,

ಕೂತು ಓದಿದೆ, ಎದ್ದು ಓದಿದೆ, ಆಮೇಲೆ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಹತ್ತೊಂಬತ್ತು ವರ್ಷ ನೀರಿನಲ್ಲಿ ನಿಂತು ನನ್ನ ಕಾಲಿನ ಚರ್ಮ ಸುಕ್ಕುಗಟ್ಟಿದೆ, ನಿಮ್ಮ ಮೇಡಂ ಒಂದು ಕೆಂಪು ಗೆರೆಯಲ್ಲಿ ನನ್ನನ್ನು ದಡಕ್ಕೆ ಹಾಕಿದರಲ್ಲ ಎಂದು ಗೊಣಗಿದೆ. ಅಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳಿದಳು, “ಮಗಳ ಒಂದು ವರ್ಷ ಹಾಳಾದ್ರೂ ಪರವಾಗಿಲ್ಲ, ನಿಮ್ಮ ಹೆಮ್ಮೆ ಉಳೀಬೇಕು, ಅಲ್ವಾ?” ಅಲ್ಲಿಗೆ ನನ್ನ ಗೊಣಗಾಟ ನಿಂತಿತು.

ಯಾರು ಓದಿ ಒಪ್ಪಿದರು ಎಂದು ಕೇಳಿದ್ದೀಯ. ಮ್ಯಾನೇಜರು ಒಪ್ಪಿದರು. ಓದಿದರೋ ಇಲ್ಲವೋ ನಾನು ಕಾಣೆ. ಆ ಸಲ ಮೂರನೇ ಪುಟದಲ್ಲಿ ಜಾಗ ಖಾಲಿ ಇತ್ತು. ಅದರ ಹಿಂದಿನ ಸಂಚಿಕೆಯಲ್ಲಿ ಅದೇ ಜಾಗದಲ್ಲಿ ಕಳೆದುಹೋದ ಟವೆಲ್ಲುಗಳ ಪಟ್ಟಿ ಇತ್ತು.

ಈ ಪೀರ್ ರಿವ್ಯೂ ಎಂದರೇನು ಎಂದು ಯಾರನ್ನು ಕೇಳುವುದು? ಈಗ ನನ್ನ ಹತ್ತಿರ ಈಜು ಕಲಿಯುತ್ತಿರುವ ತಂಡದಲ್ಲಿ ಊರ ಗ್ರಂಥಾಲಯದ ಗ್ರಂಥಪಾಲಕಿ ಇದ್ದಾರೆ, ಟೋಪಿ ನಂಬರು ಇಪ್ಪತ್ತೇಳು. ಮೂರು ವಾರದಿಂದ ದಡದ ಕಂಬಿ ಬಿಟ್ಟವರಲ್ಲ. ಕಂಬಿ ಹಿಡಿದುಕೊಂಡೇ ವಿವರಿಸಿದರು: ಲೇಖನ ಬರೆದವರ ಹೆಸರು ತೆಗೆದು, ಅದೇ ಕೆಲಸ ಬಲ್ಲ ಇಬ್ಬರಿಗೋ ಮೂವರಿಗೋ ಕಳಿಸುತ್ತಾರಂತೆ. ಯಾರದೆಂದು ಅವರಿಗೆ ಗೊತ್ತಿಲ್ಲ, ಯಾರು ನೋಡಿದರೆಂದು ಇವರಿಗೆ ಗೊತ್ತಿಲ್ಲ. ಎಲ್ಲ ಕಡೆಯೂ ಹೀಗೇ ಅಲ್ಲ, ಆದರೆ ಬಹಳ ಕಡೆ ಹೀಗೆ ಎಂದರು. ಹೇಳುವ ಭರದಲ್ಲಿ ಒಂದು ಕೈ ಬಿಟ್ಟರು. ನಾನು ಅದನ್ನು ಅವರಿಗೆ ಹೇಳಲಿಲ್ಲ.

ಅಯ್ಯೋ ಕಲ್ಲು, ಇದು ನಮ್ಮ ಟೋಪಿ ಪರೀಕ್ಷೆಯೇ. ಕೋರ್ಸಿನ ಮೊದಲ ದಿನವೇ ಎಲ್ಲರಿಗೂ ಒಂದೇ ಥರದ ಬಿಳಿ ಟೋಪಿ, ಹಣೆಯ ಮೇಲೆ ನಂಬರು. ಕೊನೆಯ ದಿನ ಬೇರೆ ಕೊಳದಿಂದ ಬಂದ ಮೇಷ್ಟ್ರು ಆ ನಂಬರು ನೋಡಿ ಪರೀಕ್ಷೆ ಮಾಡುತ್ತಾರೆ. ಕಲಿಸಿದವನು ಒಳಗೆ ಇರುವ ಹಾಗೇ ಇಲ್ಲ. ನನ್ನ ಶಿಷ್ಯರನ್ನು ನಾನೇ ಪಾಸು ಮಾಡಿದರೆ ಯಾರು ನಂಬುತ್ತಾರೆ? ಹತ್ತೊಂಬತ್ತು ವರ್ಷವೂ ನಾನು ಬಾಗಿಲಿಗೆ ಕಿವಿ ಕೊಟ್ಟು ಹೊರಗೆ ನಿಂತವನು. ನಿಮ್ಮ ಮೇಡಂ ಹೇಳಿದ್ದು ಸರಿ ಎಂದು ಒಪ್ಪಿಕೊಂಡೆ. ಒಪ್ಪಿದೆ ಎಂದು ಅವರಿಗೆ ಹೇಳಬೇಡ.

ಅಪ್ಪ

*

ಸೆಪ್ಟೆಂಬರ್ ೧೨

ಅಪ್ಪಾ,

ನಿನ್ನ ಟೋಪಿ ಪರೀಕ್ಷೆಯ ಕಥೆ ಇಡೀ ತರಗತಿಗೆ ಹೇಳಿದೆ. ಈಗ ಎಲ್ಲರೂ “ಈ ಲೇಖನಕ್ಕೆ ಟೋಪಿ ಇದ್ಯಾ?” ಎಂದೇ ಕೇಳುತ್ತಾರೆ.

ಹುಡುಕುವ ಪಾಡು ಕೇಳು. ಮೊದಲ ದಿನ ಸುಮ್ಮನೆ ಅಂತರ್ಜಾಲದಲ್ಲಿ ‘ನೀರಿನ ಭಯ’ ಎಂದು ಹೊಡೆದೆ. ಈಜುಡುಗೆ ಮಾರುವವರು ಹದಿನೇಳು ಮಂದಿ ಬಂದರು, ಹುಚ್ಚುನಾಯಿ ಕಡಿದರೆ ಏನು ಮಾಡಬೇಕು ಎಂದು ಹೇಳುವವರು ಒಂಬತ್ತು ಮಂದಿ. ಇಲ್ಲಿನ ಗ್ರಂಥಾಲಯದಲ್ಲಿ ಒಬ್ಬರು ಅಣ್ಣ ಇದ್ದಾರೆ, ನಿಂತ ಗಡಿಯಾರದಷ್ಟು ಮೌನಿ. ಅವರು ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಗ್ರಂಥಾಲಯದ ಡೇಟಾಬೇಸ್ ತೆರೆದು, ‘ಪೀರ್ ರಿವ್ಯೂ ಆದವು ಮಾತ್ರ’ ಎಂಬ ಚೌಕದಲ್ಲಿ ಗುರುತು ಹಾಕಿಸಿದರು. ಎರಡು ಸಾವಿರ ಇದ್ದದ್ದು ನೂರ ಆರಕ್ಕೆ ಇಳಿಯಿತು. ಅದರಲ್ಲಿ ಎಂಟನ್ನು ಆರಿಸಿ ಎದೆಯುಬ್ಬಿಸಿಕೊಂಡು ಮೇಡಂ ಹತ್ತಿರ ಹೋದೆ.

ಮೂರನ್ನು ಹೊಡೆದುಹಾಕಿದರು. ಒಂದು ಸಂಪಾದಕರ ಮಾತು, ಒಂದು ಪುಸ್ತಕ ಪರಿಚಯ, ಇನ್ನೊಂದು ಓದುಗರ ಪತ್ರ. “ಪತ್ರಿಕೆ ಪರೀಕ್ಷೆ ಮಾಡೋ ಪತ್ರಿಕೆನೇ. ಆದ್ರೆ ಅದರಲ್ಲಿ ಬಂದದ್ದೆಲ್ಲ ಪರೀಕ್ಷೆ ಆಗಿರುತ್ತಾ? ನಿಮ್ಮ ಮೇಷ್ಟ್ರ ಕೊಳದಲ್ಲಿ ಟಿಕೆಟ್ ಹರಿಯೋರಿಗೂ ಈಜು ಬರುತ್ತಾ?” ಎಂದರು. ಟಿಕೆಟ್ ಹರಿಯುವ ಅಜ್ಜನಿಗೆ ಬರುವುದಿಲ್ಲ ಎಂದು ನನಗೆ ಗೊತ್ತು, ಹಾಳೆ ತೆಗೆದುಕೊಂಡು ಮತ್ತೆ ಗ್ರಂಥಾಲಯಕ್ಕೆ ಹೋದೆ.

ಈಗ ಲೇಖನ ಕೈಗೆ ಬಂದಕೂಡಲೇ ಮೊದಲು ಶೀರ್ಷಿಕೆ ಓದುವುದಿಲ್ಲ. ಬರೆದವರು ಎಲ್ಲಿ ಕೆಲಸ ಮಾಡುತ್ತಾರೆ ಎಂದು ನೋಡುತ್ತೇನೆ. ಹೇಗೆ ಮಾಡಿದರು, ಎಷ್ಟು ಜನರ ಮೇಲೆ ಮಾಡಿದರು ಎಂದು ಬಿಡಿಸಿ ಹೇಳಿದ್ದಾರಾ ಎಂದು ನೋಡುತ್ತೇನೆ. ಕೊನೆಗೆ ಆಧಾರಗಳ ಪಟ್ಟಿ ಇದೆಯಾ? ಲೇಖನ ‘ಬಂದ ದಿನ’ ಮತ್ತು ‘ಒಪ್ಪಿದ ದಿನ’ ಎಂದು ಎರಡು ತಾರೀಕು ಇದ್ದರೆ ಖುಷಿ. ನಡುವೆ ನಾಲ್ಕು ತಿಂಗಳಿದ್ದರೆ ಇನ್ನೂ ಖುಷಿ, ಯಾರೋ ಅವರನ್ನು ಚೆನ್ನಾಗಿ ಸತಾಯಿಸಿದ್ದಾರೆ ಎಂದರ್ಥ. ಅನುಮಾನ ಬಂದರೆ ಪತ್ರಿಕೆಯ ಸ್ವಂತ ಪುಟಕ್ಕೆ ಹೋಗಿ, ಲೇಖನಗಳನ್ನು ಹೇಗೆ ಆರಿಸುತ್ತೀರಿ ಎಂಬುದನ್ನು ಓದುತ್ತೇನೆ.

ಹಾಗೆ ನೋಡುವ ಚಟ ಹತ್ತಿ ನಿನ್ನ ಲೇಖನವನ್ನೂ ಇನ್ನೊಮ್ಮೆ ಓದಿದೆ. ‘ಗುನುಗಿದವರೆಲ್ಲರೂ ಹನ್ನೆರಡು ದಿನದೊಳಗೆ ತೇಲಿದರು’ ಎಂದು ಬರೆದಿದ್ದೀಯ. ಎಲ್ಲರೂ ಎಂದು. ಇರಲಿ ಬಿಡು.

ಕಲ್ಲು

*

ಅಕ್ಟೋಬರ್ ೨

ಕಲ್ಲು,

ಈಗ ನೀನು ಕೂತುಕೋ. ನಿನ್ನ ಅಪ್ಪನ ಲೇಖನವನ್ನು ಒಂದು ಅಂತರರಾಷ್ಟ್ರೀಯ ಸಂಶೋಧನಾ ಪತ್ರಿಕೆ ಒಪ್ಪಿಕೊಂಡಿದೆ. ತಮಾಷೆಯಲ್ಲ.

ಕಂಬಿ ಬಿಡದ ಗ್ರಂಥಪಾಲಕಿಗೆ ಹೇಳದೆ, ಮ್ಯಾನೇಜರ ಕಂಪ್ಯೂಟರಿನಲ್ಲಿ ನಾನೇ ಹುಡುಕಿ ಕಳಿಸಿದೆ. ಸೋಮವಾರ ಕಳಿಸಿದ್ದು, ಮಂಗಳವಾರ ಒಪ್ಪಿಗೆ. ‘ಪೀರ್ ರಿವ್ಯೂ ಆದ ಪತ್ರಿಕೆ’ ಎಂದು ಮೇಲೆಯೇ ದಪ್ಪಕ್ಷರದಲ್ಲಿ ಬರೆದಿದೆ. ನನ್ನನ್ನು ‘ಪೂಜ್ಯ ಪ್ರೊಫೆಸರರೇ’ ಎಂದು ಕರೆದಿದ್ದಾರೆ. ಚಿನ್ನದ ಬಣ್ಣದ ಅಂಚಿನ ಪ್ರಮಾಣಪತ್ರವೂ ಬಂದಿದೆ, ಮ್ಯಾನೇಜರು ಅದನ್ನು ಚೌಕಟ್ಟು ಹಾಕಿಸಿ ಟಿಕೆಟ್ ಕಿಟಕಿಯ ಮೇಲೆ ನೇತುಹಾಕೋಣ ಎನ್ನುತ್ತಿದ್ದಾರೆ. ಅಚ್ಚಿನ ಶುಲ್ಕ ಒಂದು ವಾರದೊಳಗೆ ಕಟ್ಟಬೇಕಂತೆ.

ಅಮ್ಮನಿಗೆ ಖುಷಿಯಾಗಲಿಲ್ಲ. “ಒಂದು ದಿನದಲ್ಲಿ ನಾನು ಈಜುಡುಗೆಗೆ ಜಿಪ್ಪೂ ಹಾಕಿಕೊಡಲ್ಲ. ಇವ್ರು ಇಷ್ಟುದ್ದ ಓದಿದ್ರಂತಾ?” ಎಂದಳು. ಅವಳಿಗೆ ಯಾವತ್ತೂ ಅನುಮಾನ.

ಮಾರ್ಚ್ ಒಳಗೆ ಅಚ್ಚಾಗುತ್ತದೆ. ನಿನ್ನ ಪಟ್ಟಿಯ ಮೊದಲ ಸಾಲಿಗೆ ಅದನ್ನೇ ಹಾಕು. ಆಗ ನಿಮ್ಮ ಮೇಡಂ ಕೆಂಪು ಪೆನ್ನನ್ನು ಎಲ್ಲಿಡುತ್ತಾರೋ ನೋಡೋಣ.

ನಿನ್ನ ಪೂಜ್ಯ ಅಪ್ಪ

*

ಅಕ್ಟೋಬರ್ ೬

ಅಪ್ಪಾ,

ಒಂದು ಕಾಸೂ ಕಟ್ಟಬೇಡ. ಇದು ತಲುಪುವ ಮುಂಚೆ ಹೇಳು ಎಂದು ಅಮ್ಮನಿಗೆ ಫೋನು ಮಾಡಿದ್ದೇನೆ. ಅವಳು ಮ್ಯಾನೇಜರ ಕಂಪ್ಯೂಟರಿನ ವೈರನ್ನೇ ಕಿತ್ತಿಟ್ಟಿದ್ದಾಳಂತೆ.

ನಾನೂ ಗಡಿಯಾರದ ಅಣ್ಣನೂ ಮಧ್ಯಾಹ್ನವೆಲ್ಲ ಆ ಪತ್ರಿಕೆಯನ್ನು ಜಾಲಾಡಿದೆವು. ಒಂದೇ ಸಂಚಿಕೆಯಲ್ಲಿ ಸಿಮೆಂಟು, ಹಲ್ಲುನೋವು, ಕೋಳಿ ಸಾಕಣೆ ಎಲ್ಲ ಇದೆ. ಸಂಪಾದಕ ಮಂಡಳಿಯಲ್ಲಿ ಹೆಸರಿದ್ದ ಒಬ್ಬ ಪ್ರಾಧ್ಯಾಪಕರಿಗೆ ಅಣ್ಣ ಬರೆದರು. “ನನ್ನ ಹೆಸರು ಅಲ್ಲಿದೆ ಅಂತ ನನಗೇ ಗೊತ್ತಿರಲಿಲ್ಲ” ಎಂದು ಉತ್ತರ ಬಂತು. ಕಚೇರಿಯ ವಿಳಾಸವನ್ನು ನಕ್ಷೆಯಲ್ಲಿ ನೋಡಿದರೆ ಕಾರು ನಿಲ್ಲಿಸುವ ಜಾಗ. ಶುಲ್ಕ ಕೇಳಿದ್ದೇ ತಪ್ಪಲ್ಲ, ಒಳ್ಳೆಯ ಪತ್ರಿಕೆಗಳಲ್ಲೂ ಕೆಲವು ಕೇಳುತ್ತವೆ. ಆದರೆ ಅಪ್ಪಾ, ಅವರು ನಿನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದರಾ? ಪರೀಕ್ಷೆಯೇ ಇಲ್ಲದೆ ಎಲ್ಲರಿಗೂ ಪಾಸು ಬರೆಯುವ ಮೇಷ್ಟ್ರು ನಿನ್ನ ಕೊಳಕ್ಕೆ ಬಂದರೆ ನೀನು ಒಳಗೆ ಬಿಡುತ್ತಿದ್ದೆಯಾ?

ನಿನಗೆ ಬೇಸರವಾಗುತ್ತದೆ ಎಂದು ಗೊತ್ತು. ನನಗೂ ಆಗಿದೆ. ಮೊದಲ ಸಾಲಿನಲ್ಲಿ ನಿನ್ನ ಹೆಸರು ಇರಲಿ ಎಂದು ನನಗಿಂತ ಹೆಚ್ಚು ಆಸೆ ಯಾರಿಗಿದೆ ಹೇಳು.

ನನ್ನ ನಾಲ್ಕನೇ ಲೇಖನದ ಆಧಾರಗಳ ಪಟ್ಟಿಯಲ್ಲಿ ಒಂದು ಪತ್ರಿಕೆ ಸಿಕ್ಕಿದೆ. ಈಜು ಕಲಿಸುವ ಕೆಲಸಕ್ಕೆಂದೇ ಇರುವುದು, ವರ್ಷಕ್ಕೆ ನಾಲ್ಕು ಸಂಚಿಕೆ. ಕೊಳದಲ್ಲಿ ದುಡಿಯುವ ಮೇಷ್ಟ್ರುಗಳಿಂದಲೂ ಚಿಕ್ಕ ಟಿಪ್ಪಣಿ ತೆಗೆದುಕೊಳ್ಳುತ್ತಾರೆ, ಅವುಗಳಿಗೂ ಪರೀಕ್ಷೆ ಉಂಟು. ಶುಲ್ಕವಿಲ್ಲ, ಪ್ರಮಾಣಪತ್ರವೂ ಇಲ್ಲ. ಆದರೆ ಅಲ್ಲಿ ಪ್ರಶ್ನೆ ಕೇಳುತ್ತಾರೆ. ಅದಕ್ಕೆ ತಯಾರಿದ್ದರೆ ಕಳಿಸು.

ಕಲ್ಲು

*

ಅಕ್ಟೋಬರ್ ೨೫

ಕಲ್ಲು,

ಪೂಜ್ಯ ಪ್ರೊಫೆಸರರು ಪ್ರಮಾಣಪತ್ರವನ್ನು ಹರಿದು ಹಾಕಿದರು. ಅದರ ಹಿಂಬದಿ ಖಾಲಿ ಇತ್ತು, ಅಮ್ಮ ಅದರ ಮೇಲೆ ಯಾರದೋ ಸೊಂಟದ ಅಳತೆ ಬರೆದುಕೊಂಡಿದ್ದಾಳೆ.

ಮೂರು ದಿನ ನಾಚಿಕೆಯಿಂದ ಯಾರಿಗೂ ಮುಖ ತೋರಿಸಲಿಲ್ಲ. ಕೊನೆಗೆ ಗ್ರಂಥಪಾಲಕಿಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ. “ಡಾಕ್ಟ್ರು, ಲಾಯರುಗಳೂ ಬಿದ್ದಿದ್ದಾರೆ ಇಂಥದ್ದಕ್ಕೆ, ನೀವು ಒಂದು ಹೆಜ್ಜೆ ಹಿಂದೇನೇ ನಿಂತ್ರಿ” ಎಂದರು. ಸಂಜೆ ಗ್ರಂಥಾಲಯದಲ್ಲಿ ಕೂರಿಸಿಕೊಂಡು ಲೇಖನವನ್ನು ತಿರುಗಿ ಬರೆಸಿದರು. ಅಲ್ಲಿ ನೆಲ ಒಣಗಿತ್ತು, ಅವರು ಮೇಷ್ಟ್ರು, ನಾನು ಕಂಬಿ ಹಿಡಿದ ಶಿಷ್ಯ. ನೀನು ಹೇಳಿದ ಪತ್ರಿಕೆಗೆ ಹೆಸರು ತೆಗೆದು ಬರೀ ನಂಬರಿನೊಡನೆ ಕಳಿಸಿದ್ದೇವೆ. ಹೋದ ಸಲ ಆ ಚಿನ್ನದ ಅಂಚಿನವರು ನನಗೆ ಟೋಪಿ ಹಾಕಲು ಬಂದಿದ್ದರು, ಈ ಸಲ ನಾನೇ ಲೇಖನಕ್ಕೆ ಟೋಪಿ ಹಾಕಿ ಕಳಿಸಿದ್ದೇನೆ.

ಅಂದಹಾಗೆ ಗ್ರಂಥಪಾಲಕಿ ಮೊನ್ನೆ ಕಂಬಿ ಬಿಟ್ಟರು. ಗುನುಗಿಕೊಂಡೇ.

ಅಪ್ಪ

*

ಜನವರಿ ೧೨

ಅಪ್ಪಾ,

ಎರಡೂವರೆ ತಿಂಗಳಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಅಮ್ಮನನ್ನು ಕೇಳಿದರೆ, “ಅಟ್ಟದ ಮೇಲಿಂದ ಹಳೇ ನೋಟ್‌ಬುಕ್ಕೆಲ್ಲ ಇಳಿಸಿಕೊಂಡು ಕೂತಿದ್ದಾರೆ. ಊಟಕ್ಕೆ ಕರೆದ್ರೆ ಬೆರಳು ಎತ್ತಿ ತಡಿ ಅಂತಾರೆ” ಎನ್ನುತ್ತಾಳೆ. ಏನಾಗಿದೆ?

ನನ್ನ ಪಟ್ಟಿ ಏಳಕ್ಕೆ ಬಂದಿದೆ, ಏಳಕ್ಕೂ ಟೋಪಿ ಇದೆ. ಎಂಟನೆಯದು ಸಿಕ್ಕಿ ಹದಿನೈದು ದಿನವಾಯಿತು. ಅದರ ಬಗ್ಗೆ ನಿನಗೆ ಹೇಳಲೇಬೇಕು.

ಗುನುಗುವುದರ ಬಗ್ಗೆಯೇ ಬರೆದ ಲೇಖನ. ಅರವತ್ತು ಜನ ಹೊಸಬರು, ಮೂವತ್ತು ಜನರಿಗೆ ಗುನುಗಲು ಹೇಳಿದ್ದಾರೆ, ಮೂವತ್ತು ಜನರಿಗೆ ಏನೂ ಹೇಳಿಲ್ಲ. ಗುನುಗಿದವರು ತೇಲಿದ್ದು ಸ್ವಲ್ಪ ಬೇಗ, ಬಹಳ ಸ್ವಲ್ಪ. ಎಲ್ಲರೂ ಅಲ್ಲ, ಅರ್ಧಕ್ಕಿಂತ ತುಸು ಹೆಚ್ಚು. ಎರಡು ದಿನ ಅದನ್ನು ದಿಂಬಿನ ಕೆಳಗೆ ಬಚ್ಚಿಟ್ಟಿದ್ದೆ, ಸಿಗಲೇ ಇಲ್ಲ ಎಂದುಬಿಡೋಣ ಎಂದುಕೊಂಡು. ನಿನ್ನನ್ನು ಅಲ್ಲಗಳೆಯುವ ಕಾಗದವನ್ನು ನಾನೇ ಹೋಗಿ ಮೇಡಂ ಕೈಗೆ ಕೊಡುವುದೇ?

ಆಮೇಲೆ ಕೊಟ್ಟೆ. ನಮಗೆ ಬೇಕಾದದ್ದನ್ನು ಮಾತ್ರ ಆರಿಸಿದರೆ ಅದು ಹುಡುಕಿದಂತೆ ಆಗುವುದಿಲ್ಲವಲ್ಲ. ಮೇಡಂ ಮೊದಲ ಸಲ ನನ್ನ ಹಾಳೆಯ ಮೇಲೆ ‘ಸರಿ’ ಎಂದು ಬರೆದರು. ನಾನು ಆ ಹಾಳೆಯನ್ನು ಯಾರಿಗೂ ತೋರಿಸದೆ ಮಡಚಿಟ್ಟೆ.

ಬೈದಾದರೂ ಒಂದು ಕಾಗದ ಬರಿ.

ಕಲ್ಲು

*

ಫೆಬ್ರುವರಿ ೩

ಕಲ್ಲು,

ಬೈಯಲು ಏನಿದೆ, ನೀನು ಮಾಡಿದ್ದು ಸರಿ. ನಾನು ಮಾಡಿದ್ದು ಹೇಳುತ್ತೇನೆ ಕೇಳು.

ಡಿಸೆಂಬರಿನಲ್ಲೇ ಪತ್ರಿಕೆಯಿಂದ ಉತ್ತರ ಬಂದಿತ್ತು, ಇಬ್ಬರು ಪರೀಕ್ಷಕರ ಮಾತು. ಒಬ್ಬರು ಸಾಧು, ಅಲ್ಲಲ್ಲಿ ವಾಕ್ಯ ತಿದ್ದಿ ಚೆನ್ನಾಗಿದೆ ಎಂದಿದ್ದರು. ಎರಡನೆಯವರು ಅವನೋ ಅವಳೋ ಗೊತ್ತಿಲ್ಲ, ಒಂದೇ ಪ್ರಶ್ನೆ ಕೇಳಿದ್ದರು. ‘ಗುನುಗಿಯೂ ತೇಲದವರು ಯಾರೂ ಇರಲಿಲ್ಲವೆ? ಇದ್ದರೆ ಅವರೆಲ್ಲಿ?’

ಇವನ್ಯಾವನಪ್ಪ, ಹತ್ತೊಂಬತ್ತು ವರ್ಷದ ನೋಟ್‌ಬುಕ್ಕು ನನ್ನ ಹತ್ತಿರ ಇದೆ, ಬಂದು ನೋಡಲಿ ಎಂದು ರೇಗಿದೆ. ಗುನುಗಿನ ನೋಟ್‌ಬುಕ್ಕು ತೆಗೆದೆ. ನೂರ ತೊಂಬತ್ತೊಂದು ಜನ, ಪ್ರತಿಯೊಬ್ಬರೂ ತೇಲಿದ್ದಾರೆ. ಸುಳ್ಳೇ ಇಲ್ಲ. ಅದನ್ನು ಮುಚ್ಚಿಡುವಾಗ ಅದರ ಪಕ್ಕ ಹಲಗೆಯ ನೋಟ್‌ಬುಕ್ಕು ಕಂಡಿತು.

ನನ್ನ ಪದ್ಧತಿ ನಿನಗೆ ಗೊತ್ತಲ್ಲ. ಕಂಬಿ ಬಿಟ್ಟು ಹನ್ನೆರಡು ದಿನವಾದರೂ ತೇಲದವರಿಗೆ ಗುನುಗುವುದನ್ನು ಬಿಡಿಸಿ ಕೈಗೆ ತೇಲುವ ಹಲಗೆ ಕೊಡುತ್ತೇನೆ. ಅವರಿಗೆ ಹೊಸ ಟೋಪಿ, ಹೊಸ ನಂಬರು, ಹೊಸ ನೋಟ್‌ಬುಕ್ಕಿನಲ್ಲಿ ಮತ್ತೆ ಒಂದನೇ ದಿನ. ಹಳೆಯದರಿಂದ ಹೆಸರು ಹೊಡೆದುಬಿಡುತ್ತೇನೆ. ಪಾಪ, ಸೋತೆ ಎಂದು ಅವರಿಗೆ ಅನಿಸಬಾರದು ಎಂದು ಮಾಡಿದ್ದು. ಹಾಗಾಗಿ ಗುನುಗಿನ ನೋಟ್‌ಬುಕ್ಕಿನಲ್ಲಿ ಸೋತವರು ಉಳಿಯುವುದೇ ಇಲ್ಲ. ನಾನು ಅದೊಂದನ್ನೇ ಎದುರಿಗಿಟ್ಟುಕೊಂಡು ‘ಎಲ್ಲರೂ’ ಎಂದು ಬರೆದೆ. ಹಲಗೆಯ ನೋಟ್‌ಬುಕ್ಕಿನಲ್ಲಿ ಒಂದೊಂದೇ ಹೆಸರು ಹಿಡಿದು ಹುಡುಕಿದೆ. ಗುನುಗಿಯೂ ತೇಲದೆ ಅಲ್ಲಿಗೆ ಬಂದವರು ಇಪ್ಪತ್ಮೂರು ಜನ.

ಲೆಕ್ಕ ಮುಗಿಸಿ ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಬೆರಳಿಟ್ಟು ಓದಿದಳು. “ಇಪ್ಪತ್ನಾಲ್ಕು. ನಮ್ಮ ಹುಡುಗಿ ಎಲ್ಲಿ?” ಎಂದಳು.

ನಿನಗೆ ಟೋಪಿ ಇರಲಿಲ್ಲ. ನಂಬರೂ ಇರಲಿಲ್ಲ. ನಿನಗೆ ಏಳು ವರ್ಷ, ಬೆಳಿಗ್ಗೆ ಕೊಳ ತೆರೆಯುವ ಮುಂಚೆ ನಿನ್ನನ್ನು ಕರೆದುಕೊಂಡು ಹೋದೆ. ಬೆನ್ನ ಕೆಳಗೆ ಕೈ ಕೊಟ್ಟು ಮಲಗಿಸಿದೆ. “ಗುನುಗು ಮರಿ, ಏನೂ ಆಗಲ್ಲ” ಎಂದೆ. ನೀನು ಗುನುಗುತ್ತಿದ್ದೆ, ಚೆನ್ನಾಗಿಯೇ ಗುನುಗುತ್ತಿದ್ದೆ. ನಾನು ನಿನಗೆ ಹೇಳದೆ ಕೈ ತೆಗೆದೆ. ಗುನುಗುತ್ತಲೇ ಕೆಳಗೆ ಹೋದೆ ನೀನು, ಗುಳ್ಳೆ ಬರುತ್ತಿತ್ತು. ಮೇಲೆ ಎತ್ತಿಕೊಂಡಾಗ ನೀನು ಅಳಲಿಲ್ಲ, ನನ್ನ ಮುಖವನ್ನೇ ನೋಡಿದೆ. ಅವತ್ತಿನಿಂದ ನಾನು ನಿನ್ನನ್ನು ಕೊಳಕ್ಕೆ ಕರೆಯಲಿಲ್ಲ, ನೀನೂ ಬರಲಿಲ್ಲ. ಅಜ್ಜಿ ಆ ಹೆಸರಿಟ್ಟಾಗ ಎಲ್ಲರ ಜೊತೆ ನಾನೂ ನಕ್ಕೆ. ನಗಬಾರದಿತ್ತು. ತಪ್ಪು ನನ್ನದು, ಕ್ಷಮಿಸು.

ಎರಡನೇ ಪರೀಕ್ಷಕರಿಗೆ ಉತ್ತರ ಬರೆಯಬೇಕು. ನಿನ್ನನ್ನು ಸೇರಿಸಲಾ? ನೀನು ಬೇಡ ಎಂದರೆ ಲೇಖನವನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಇಪ್ಪತ್ಮೂರು ಎಂದು ಮಾತ್ರ ನನ್ನ ಕೈಯಲ್ಲಿ ಬರೆಯಲಾಗುವುದಿಲ್ಲ.

ಅಪ್ಪ

*

ಫೆಬ್ರುವರಿ ೧೧

ಅಪ್ಪಾ,

ನಿನ್ನ ಕಾಗದವನ್ನು ಗ್ರಂಥಾಲಯದಲ್ಲಿ ಓದಿದೆ, ತಪ್ಪು ಮಾಡಿದೆ. ಗಡಿಯಾರದ ಅಣ್ಣ ಏನೂ ಕೇಳದೆ ಒಂದು ಲೋಟ ನೀರು ತಂದಿಟ್ಟರು.

ಹದಿಮೂರು ವರ್ಷದಿಂದ ನಾನು ಏನೆಂದುಕೊಂಡಿದ್ದೆ ಗೊತ್ತಾ? ನಾನೇ ಸರಿಯಾಗಿ ಗುನುಗಲಿಲ್ಲ ಎಂದು. ಅಪ್ಪ ಊರಿಗೆಲ್ಲ ಹೇಳಿಕೊಡುತ್ತಾನೆ, ಎಲ್ಲರಿಗೂ ಬರುತ್ತದೆ, ನನಗೊಬ್ಬಳಿಗೆ ಬರಲಿಲ್ಲ ಎಂದರೆ ನನ್ನಲ್ಲೇ ಏನೋ ಕೆಟ್ಟಿದೆ ಎಂದು. ನಿನ್ನ ಲೇಖನದಲ್ಲಿ ‘ಎಲ್ಲರೂ’ ಎಂದು ಓದಿದಾಗ ನಾನು ಆ ಎಲ್ಲರಲ್ಲಿ ಇಲ್ಲವಲ್ಲ ಎಂದು ಅನಿಸಿತು. ಕೇಳಬೇಕೆಂದುಕೊಂಡು ‘ಇರಲಿ ಬಿಡು’ ಎಂದು ಬರೆದೆ.

ನನ್ನಂಥವರು ಇಪ್ಪತ್ಮೂರು ಜನ ಇದ್ದಾರೆ ಎಂದು ಕೇಳಿ ಎಷ್ಟು ಹಗುರಾಯಿತು ಎಂದರೆ, ಅವರನ್ನೆಲ್ಲ ಒಂದು ಸಲ ಚಹಾಕ್ಕೆ ಕರೆಯಬೇಕು ಅನಿಸುತ್ತಿದೆ. ಆ ಎರಡನೇ ಪರೀಕ್ಷಕರು ಯಾರೇ ಆಗಲಿ, ಅವರಿಗೂ ಒಂದು ಲೋಟ.

ಸೇರಿಸು. ಇಪ್ಪತ್ನಾಲ್ಕು ಎಂದು ಬರಿ. ಲೇಖಕರ ಮಗಳು, ಏಳು ವರ್ಷ ಎಂದೂ ಬರಿ. ಚೆನ್ನಾಗಿ ಗುನುಗುತ್ತಿದ್ದಳು ಎಂದು ಬರೆಯಲು ಬಿಡುತ್ತಾರಾ ಕೇಳಿ ನೋಡು.

ಹೆಸರಿಗೆ ನೀನು ನಕ್ಕದ್ದು ಬಿಡು. ನನಗೂ ಈಗ ಅದು ಇಷ್ಟ.

ನಿನ್ನ ಕಲ್ಲು

*

ಮೇ ೨೦

ಕಲ್ಲು,

ನೀನು ಮೂರನೇ ವರ್ಷಕ್ಕೆ ಪಾಸಾದ ಸುದ್ದಿಯನ್ನು ಕೊಳದಲ್ಲಿ ಎಲ್ಲರಿಗೂ ಹೇಳಿ ಮುಗಿಸುವಷ್ಟರಲ್ಲಿ ಇದೂ ಬಂತು. ಲಕೋಟೆಯಲ್ಲಿ ಪ್ರತಿ ಇಟ್ಟಿದ್ದೇನೆ, ಎರಡೇ ಪುಟ. ಚಿನ್ನದ ಅಂಚಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ ಬಂದ ದಿನ ಅಕ್ಟೋಬರ್ ಇಪ್ಪತ್ನಾಲ್ಕು, ಒಪ್ಪಿದ ದಿನ ಏಪ್ರಿಲ್ ಒಂಬತ್ತು ಎಂದಿದೆ. ಐದೂವರೆ ತಿಂಗಳು ನನ್ನನ್ನು ಚೆನ್ನಾಗಿ ಸತಾಯಿಸಿದರು, ನೀನು ಖುಷಿಪಡಬೇಕು.

‘ಗುನುಗಿದರೆ ತೇಲಬಹುದು’ ಎಂಬ ತಲೆಬರಹ ಹೋಯಿತು. ಈಗಿನದು ‘ಒಂದು ಸಾರ್ವಜನಿಕ ಕೊಳದ ಹೊಸಬರಲ್ಲಿ ಗುನುಗುವಿಕೆ ಮತ್ತು ತೇಲುವಿಕೆ: ಹತ್ತೊಂಬತ್ತು ವರ್ಷದ ದಾಖಲೆ’. ಮ್ಯಾನೇಜರು ಓದಿ ಆಕಳಿಸಿದರು. ಕೊನೆಯಲ್ಲಿ, ಗುನುಗುವುದು ಕೆಲವರಿಗೆ ಸಹಾಯವಾಗಬಹುದು, ಹೆಚ್ಚು ಹೇಳಲು ಈ ದಾಖಲೆ ಸಾಲದು ಎಂದು ಬರೆದಿದ್ದೇನೆ. ನಿನ್ನ ಎಂಟನೇ ಲೇಖನವನ್ನೂ ಆಧಾರದ ಪಟ್ಟಿಗೆ ಸೇರಿಸಿದ್ದೇನೆ. ಮೊದಲು ಬರೆದದ್ದಕ್ಕಿಂತ ಇದು ಚಿಕ್ಕ ಮಾತು, ಆದರೆ ಯಾರಾದರೂ ಪ್ರಶ್ನೆ ಕೇಳಿದರೆ ಎದೆ ಧಸಕ್ಕೆನ್ನುವುದಿಲ್ಲ.

ಎರಡನೇ ಪುಟದ ಕೋಷ್ಟಕ ನೋಡು. ತೇಲಿದವರು ೧೯೧. ಗುನುಗಿಯೂ ತೇಲದವರು ೨೪. ಅದರ ಕೆಳಗೆ ನೀನಿದ್ದೀಯ. ‘ಚೆನ್ನಾಗಿ’ ಎಂಬುದನ್ನು ತೆಗೆಸಿದರು, ಅಳೆಯಲಾಗದ ಮಾತಂತೆ.

ಅಪ್ಪ

*

ಜೂನ್ ೧೪

ಅಪ್ಪಾ,

ಹೊಸ ಹುಡುಗರಿಗೆ ಮೇಡಂ ಲೇಖನ ಗುರುತಿಸುವ ಪಾಠ ಮಾಡುತ್ತಾರೆ. ಈ ಸಲ ನನ್ನನ್ನೂ ಹಿಂದಿನ ಬೆಂಚಿನಲ್ಲಿ ಕೂರಿಸಿಕೊಂಡು ಎರಡು ಹಾಳೆ ಹಂಚಿದರು, ಒಂದು ಕೊಳದ ಪತ್ರಿಕೆಯ ಪುಟ ಮೂರು, ಇನ್ನೊಂದು ನಿನ್ನ ಎರಡು ಪುಟ. “ಯಾವುದಕ್ಕೆ ಟೋಪಿ ಇದೆ, ಹೇಗೆ ಹೇಳ್ತೀರಿ?” ಎಂದರು. ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿ, “ಎರಡನೆಯದು ಮೇಡಂ. ಇದರಲ್ಲಿ ಸೋತವರನ್ನೂ ಎಣಿಸಿದ್ದಾರೆ” ಎಂದಳು. ಮೇಡಂ ನನ್ನ ಕಡೆ ನೋಡಿದರು. ನಾನು ಯಾರ ಮಗಳು ಎಂದು ಅವರಿಗೆ ಯಾವಾಗಲೋ ಗೊತ್ತಾಗಿತ್ತಂತೆ, ಕೇಳಲಿಲ್ಲ ಅಷ್ಟೆ.

ಈಗ ಇನ್ನೊಂದು ವಿಷಯ. ಈ ಕಾಗದದ ಜೊತೆ ಒಂದು ಚೀಟಿ ಇದೆ, ಅದನ್ನು ಆಮೇಲೆ ತೆಗೆ.

ಫೆಬ್ರುವರಿಯ ನಿನ್ನ ಕಾಗದ ಬಂದ ಮರುವಾರ ಇಲ್ಲಿನ ಕೊಳದಲ್ಲಿ ಹೆಸರು ಬರೆಸಿದೆ. ಮೇಷ್ಟ್ರಮ್ಮನಿಗೆ ಅರವತ್ತು ದಾಟಿದೆ, ಸೀಟಿ ಊದುವುದಿಲ್ಲ, ಚಪ್ಪಾಳೆ ತಟ್ಟುತ್ತಾರೆ. ನಾಲ್ಕು ತಿಂಗಳು ಹಿಡಿಯಿತು, ನಾನೂ ಯಾರೋ ಚೆನ್ನಾಗಿ ಸತಾಯಿಸಿದ ಲೇಖನವೇ. ಗುನುಗಲಿಲ್ಲ ಅಪ್ಪಾ, ಅದು ನನಗೆ ಆಗುವುದಿಲ್ಲ. ಪಟ್ಟಿಯ ಎಂಟು ಲೇಖನಗಳನ್ನು ಬರೆದವರ ಹೆಸರು, ವರ್ಷ, ಪುಟದ ಸಂಖ್ಯೆ ಎಲ್ಲ ಬಾಯಿಪಾಠ ಒಪ್ಪಿಸಿದೆ. ಐದನೆಯದಕ್ಕೆ ಬರುವಷ್ಟರಲ್ಲಿ ಕಿವಿಗೆ ನೀರು ತಾಗಿತು, ಕೆಳಗೆ ಯಾರ ಕೈಯೂ ಇಲ್ಲ ಎಂದು ಗೊತ್ತಾಯಿತು. ಆರನೆಯದನ್ನು ಹೇಳಿದೆ.

ಶನಿವಾರ ಟೋಪಿ ಪರೀಕ್ಷೆ ಆಯಿತು. ಬೇರೆ ಕೊಳದ ಮೇಷ್ಟ್ರು, ನನ್ನ ಮುಖ ಕಂಡವರಲ್ಲ. ಈಗ ಚೀಟಿ ನೋಡು.

ನಿನ್ನ ಕೋಷ್ಟಕಕ್ಕೆ ತಿದ್ದುಪಡಿ ಬೇಕಾಗುತ್ತದೆ ಅನಿಸುತ್ತದೆ.

ಕಲ್ಲು

*

ಜೂನ್ ೨೨

ಕಲ್ಲು,

‘ಟೋಪಿ ೪೧. ಬೆನ್ನ ಮೇಲೆ ತೇಲುವಿಕೆ, ಒಂದು ನಿಮಿಷ. ತೇರ್ಗಡೆ.’ ಕೆಳಗೆ ನಾನು ಕಾಣದ ಯಾರದೋ ಸಹಿ.

ಅಮ್ಮ ಎರಡು ಸಲ ಓದಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅದನ್ನು ಹೊಲಿಗೆ ಯಂತ್ರದ ಮೇಲೆ, ದಿನವೂ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸಿದಳು. ಪ್ರಮಾಣಪತ್ರಕ್ಕೆ ಆ ಮರ್ಯಾದೆ ಸಿಕ್ಕಿರಲಿಲ್ಲ.

ತಿದ್ದುಪಡಿ ಆಗುವುದಿಲ್ಲ. ಗ್ರಂಥಪಾಲಕಿಯನ್ನೂ ಕೇಳಿದೆ. ಆ ಬೆಳಿಗ್ಗೆ ನೀನು ಗುನುಗುತ್ತಲೇ ಮುಳುಗಿದ್ದು ನಿಜ, ಇಪ್ಪತ್ನಾಲ್ಕು ಇಪ್ಪತ್ನಾಲ್ಕೇ. ಅದನ್ನು ಅಳಿಸಿದರೆ ನಾನು ಮತ್ತೆ ಹಳೆಯ ಮನುಷ್ಯನೇ ಆಗುತ್ತೇನೆ. ಅದಕ್ಕೇ ಹೊಸ ನೋಟ್‌ಬುಕ್ಕು ತೆರೆದಿದ್ದೇನೆ, ‘ಬಾಯಿಪಾಠ ಒಪ್ಪಿಸಿ ತೇಲಿದವರು’ ಎಂದು. ಸದ್ಯಕ್ಕೆ ಒಬ್ಬಳೇ ಇದ್ದಾಳೆ.

ನಿನ್ನನ್ನು ನಾನು ಪಾಸು ಮಾಡಿದ್ದರೆ ನೀನು ನಂಬುತ್ತಿರಲಿಲ್ಲ, ನಾನೂ ನಂಬುತ್ತಿರಲಿಲ್ಲ. ಯಾರೋ ಗುರುತಿಲ್ಲದವರು ನೋಡಿ ಒಪ್ಪಿದ್ದಾರೆ, ಹಾಗಾಗಿ ನಂಬಿದ್ದೇನೆ. ಆದರೂ ರಜೆಗೆ ಬಂದಾಗ ಒಂದು ಬೆಳಿಗ್ಗೆ, ಕೊಳ ತೆರೆಯುವ ಮುಂಚೆ ನನ್ನ ಜೊತೆ ಬಾ. ಪರೀಕ್ಷೆಗಲ್ಲ, ಸುಮ್ಮನೆ. ಬೆನ್ನ ಕೆಳಗೆ ಕೈ ಇಟ್ಟಿರುತ್ತೇನೆ. ಯಾವಾಗ ತೆಗೆಯಬೇಕು ಎಂದು ಈ ಸಲ ನೀನೇ ಹೇಳು.

ಅಪ್ಪ